ಲ್ಯಾಟಿನ್ ಅಂಗಡಿಯಲ್ಲಿ ನಮ್ಮ ಸೀಮೆಬದನೆಕಾಯಿ

ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ಗೆ ನಮ್ಮವರು ಹೋಗುವುದು 74ನೇ ಬೀದಿಯ ಇಂಡಿಯನ್ ಅಂಗಡಿಗಳಿಗಾಗಿ. ಬೇಳೆ, ಕರಿಬೇವು, ಸೋನಾಮಸೂರಿ ಚೀಲ ತೆಗೆದುಕೊಂಡು ವಾಪಸ್. ಆದರೆ ಅದೇ ಬೀದಿಯ ತುದಿಯಲ್ಲಿ ರೂಸ್‌ವೆಲ್ಟ್ ಅವೆನ್ಯೂ ಇದೆ. ತಲೆಯ ಮೇಲೆ 7ನೇ ನಂಬರಿನ ರೈಲು ಗಡಗಡ ಓಡುತ್ತಿರುತ್ತದೆ. ಕೆಳಗೆ ಬೋರ್ಡುಗಳೆಲ್ಲ ಸ್ಪ್ಯಾನಿಷ್. ಕೊಲಂಬಿಯಾ, ಎಕ್ವಡಾರ್, ಮೆಕ್ಸಿಕೊ, ಪೆರು ಕಡೆಯವರು ದಿನಸಿ ಕೊಳ್ಳುವ ಅಂಗಡಿಗಳು ಅವು.

ನಾನು ಅಂಥ ಒಂದು ಅಂಗಡಿಗೆ ಮೊದಲ ಸಲ ಹೋದದ್ದು ಬರೀ ಕೊತ್ತಂಬರಿ ಸೊಪ್ಪಿಗೆ. ಬಾಗಿಲ ಹತ್ತಿರವೇ ತಿಳಿಹಸಿರು ಸೀಮೆಬದನೆಕಾಯಿ ರಾಶಿ ಬಿದ್ದಿತ್ತು. ಚೀಟಿಯಲ್ಲಿ ‘ಚಯೋತೆ’ ಅಂತ ಬರೆದಿತ್ತು. ಅದರ ಪಕ್ಕ ಬಾಳೆಕಾಯಿ, ಅದರ ಪಕ್ಕ ಮರಗೆಣಸು, ಆಚೆ ಹುಣಸೆ, ಸೀಬೆ, ಪರಂಗಿ. ಭಾಷೆ ಒಂದಕ್ಷರ ಗೊತ್ತಿಲ್ಲದ ಅಂಗಡಿಯಲ್ಲಿ ಅರ್ಧ ತರಕಾರಿ ನನಗೆ ಗೊತ್ತಿತ್ತು.

ಯಾಕೆ ಹೀಗೆ ಅಂದರೆ, ಆ ಅರ್ಧದಲ್ಲಿ ಬಹಳಷ್ಟು ಅವರ ಕಡೆಯಿಂದಲೇ ನಮ್ಮ ಕಡೆಗೆ ಬಂದದ್ದು. ಸೀಮೆಬದನೆ ಮೆಕ್ಸಿಕೊ ಕಡೆಯ ಬಳ್ಳಿ. ಪರಂಗಿ, ಸೀಬೆ, ಸಪೋಟ, ಗೋಡಂಬಿ, ಸೀತಾಫಲ, ಮೆಣಸಿನಕಾಯಿ ಎಲ್ಲದರ ತವರೂ ಅಮೆರಿಕ ಖಂಡವೇ. ಕೊಲಂಬಸ್ 1492ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಬಂದ ಮೇಲೆ ಇವು ಹಡಗು ಹತ್ತಿದವು. ಪೋರ್ಚುಗೀಸರು ಇವುಗಳಲ್ಲಿ ಬಹಳಷ್ಟನ್ನು ನಮ್ಮ ಕರಾವಳಿಗೆ ತಂದರು. ನಮ್ಮ ಹಿರಿಯರು ಹೆಸರಿನಲ್ಲೇ ಅದನ್ನು ಬರೆದಿಟ್ಟಿದ್ದಾರೆ. ‘ಸೀಮೆ’ ಅಂದರೆ ಪರದೇಶದ್ದು. ‘ಪರಂಗಿ’ ಅಂದರೆ ಫರಂಗಿಯವರದ್ದು. ಸೀಮೆಹುಣಸೆ ಅಂತ ನಾವು ಚಿಕ್ಕಂದಿನಲ್ಲಿ ಕಿತ್ತು ತಿನ್ನುತ್ತಿದ್ದೆವಲ್ಲ, ಅದೂ ಮೆಕ್ಸಿಕೊದ್ದೇ. ಹುಣಸೆ ಮಾತ್ರ ತಿರುಗಾ ಹೋಗಿದೆ. ಅದು ಆಫ್ರಿಕದ ಮರ, ಭಾರತದಲ್ಲಿ ಬಹಳ ಹಿಂದೆಯೇ ಬೇರೂರಿತ್ತು, ಆಮೇಲೆ ಅಮೆರಿಕಕ್ಕೆ ಹೋಯಿತು. ಅಲ್ಲಿ ಅದರ ಹೆಸರು ‘ತಮರಿಂದೊ’.

ಹಾಗಾಗಿ ಈ ಅಂಗಡಿಯಲ್ಲಿ ಕಣ್ಣು ಸಲೀಸಾಗಿ ನಡೆಯುತ್ತದೆ, ತೊಡಕು ಬರುವುದು ಹೆಸರು ಓದುವಾಗ. ಲ್ಯಾಟಿನ್ ಅಂಗಡಿ ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಒಳಗಿರುವುದು ಹತ್ತಿಪ್ಪತ್ತು ದೇಶ. ಒಂದೇ ವಸ್ತುವಿಗೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಕೆಲವು ಕಡೆ ಒಂದೇ ಹೆಸರಿಗೆ ಎರಡು ವಸ್ತು. ಸೀಮೆಬದನೆಯನ್ನೇ ತೆಗೆದುಕೊಳ್ಳಿ. ಮೆಕ್ಸಿಕೊದವರಿಗೆ ಅದು ಚಯೋತೆ, ಡೊಮಿನಿಕನ್ನರಿಗೆ ತಯೋತಾ, ಜಮೈಕಾದವರಿಗೆ ಚೋಚೋ, ಟ್ರಿನಿಡಾಡ್‌ನವರಿಗೆ ಕ್ರಿಸ್ಟೊಫೀನ್. ಕಾಳಿಗೆ ಪ್ಯುರ್ಟೊ ರಿಕೊದಲ್ಲಿ ‘ಅಬಿಚುವೇಲಾಸ್’, ಮೆಕ್ಸಿಕೊ ಮತ್ತು ಕ್ಯೂಬಾದಲ್ಲಿ ‘ಫ್ರಿಹೋಲೆಸ್’. ಗೋಯಾ ಅಂತ ಒಂದು ಕಂಪನಿ ಇದೆ. ಸ್ಪೇನಿನಿಂದ ಬಂದ ಉನಾನುವೆ ಮನೆತನದವರು 1936ರಲ್ಲಿ ಮ್ಯಾನ್‌ಹಟನ್‌ನಲ್ಲಿ ಶುರು ಮಾಡಿದ್ದು. ಅವರ ಡಬ್ಬಿಗಳು ಇಂಥ ಪ್ರತಿ ಅಂಗಡಿಯಲ್ಲೂ ಇರುತ್ತವೆ. ಆ ಡಬ್ಬಿಗಳ ಸಾಲನ್ನು ಒಮ್ಮೆ ನಿಧಾನಕ್ಕೆ ನೋಡಿದರೂ ಸಾಕು, ಎಷ್ಟು ದೇಶಗಳ ಅಡುಗೆಮನೆ ಒಂದೇ ಸಾಲಿನಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ.

ಗಡ್ಡೆಗಳಿಂದ ಶುರು ಮಾಡುತ್ತೇನೆ, ಯಾಕೆಂದರೆ ಹೊಸಬರು ಅಲ್ಲಿಗೆ ಬಂದು ಸುಮ್ನೆ ನಿಂತುಬಿಡುತ್ತಾರೆ. ಎಲ್ಲ ಕಂದು, ಎಲ್ಲ ಮಣ್ಣು ಮಣ್ಣು. ಉದ್ದಕ್ಕೆ, ಮರದ ಕೊಂಬೆಯ ಹಾಗೆ, ಮೇಲೆ ಮೇಣ ಹಚ್ಚಿ ಹೊಳೆಯುತ್ತಿರುವುದು ‘ಯೂಕಾ’. ಅದೇ ನಮ್ಮ ಮರಗೆಣಸು. ದಕ್ಷಿಣ ಅಮೆರಿಕದ ಬೆಳೆ ಇದು. ಕೇರಳದಲ್ಲಿ ಇದು ಮನೆಮಾತಾಗಲು 1880ರಿಂದ 1885ರವರೆಗೆ ತಿರುವಾಂಕೂರು ಆಳಿದ ವಿಶಾಖಂ ತಿರುನಾಳ್ ಮಹಾರಾಜರ ಒತ್ತಾಸೆ ದೊಡ್ಡದು. ನಮ್ಮ ಪಾಯಸದ ಸಬ್ಬಕ್ಕಿಯನ್ನು ಸೇಲಂ ಕಡೆ ಮಾಡುವುದೂ ಇದರ ಹಿಟ್ಟಿನಿಂದಲೇ.

ಯೂಕಾ ಕೊಳ್ಳುವಾಗ ಒಳಗನ್ನು ನೋಡಲೇಬೇಕು. ಮೇಣ ಹಚ್ಚಿರುವುದರಿಂದ ಹೊರಗೆ ಏನೂ ಗೊತ್ತಾಗುವುದಿಲ್ಲ. ಅಂಗಡಿಯವರನ್ನು ಕೇಳಿದರೆ ತುದಿ ಮುರಿದು ತೋರಿಸುತ್ತಾರೆ. ಎಷ್ಟೋ ಕಡೆ ಗಿರಾಕಿಗಳೇ ಮುರಿದು ನೋಡಿರುತ್ತಾರೆ. ಒಳಗೆ ಹಾಲಿನ ಹಾಗೆ ಬಿಳಿ ಇರಬೇಕು. ಕಪ್ಪು ಅಥವಾ ನೀಲಿ ಗೆರೆ ಇದ್ದರೆ ಹಳೆಯದು, ಬಿಟ್ಟುಬಿಡಿ. ಮನೆಯಲ್ಲಿ ಕಂದು ಸಿಪ್ಪೆ ತೆಗೆದರೆ ಸಾಲದು, ಅದರ ಕೆಳಗಿನ ಗುಲಾಬಿ ಪದರವನ್ನೂ ತೆಗೆಯಬೇಕು. ಮಧ್ಯದ ನಾರನ್ನೂ ತೆಗೆಯಬೇಕು. ಹಸಿಯಾಗಿ ಎಂದೂ ತಿನ್ನಬಾರದು. ಈ ಗಡ್ಡೆಯಲ್ಲಿ ಸಯನೈಡ್ ಬಿಡುವ ಗುಣ ಇದೆ. ಅಂಗಡಿಗೆ ಬರುವುದು ಅದು ಕಡಿಮೆ ಇರುವ ಸಿಹಿ ಜಾತಿ. ಆದರೂ ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಬೇಕು. ಅಮೆಜಾನ್ ಕಡೆಯ ಜನ ಕಹಿ ಜಾತಿಯನ್ನೂ ತುರಿದು, ಹಿಂಡಿ, ಸುಟ್ಟು ತಿನ್ನುವುದನ್ನು ಸಾವಿರಾರು ವರ್ಷಗಳ ಹಿಂದೆಯೇ ಕಲಿತಿದ್ದರು. ವಿಷವಿರುವ ಗಡ್ಡೆಯನ್ನು ದಿನದ ಊಟ ಮಾಡಿಕೊಂಡ ಆ ಜಾಣ್ಮೆ ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಸಿಪ್ಪೆ ತೆಗೆಯುವ ಕಷ್ಟ ಬೇಡ ಅನ್ನುವವರಿಗೆ ಫ್ರೀಜರ್‌ನಲ್ಲಿ ಹೆಚ್ಚಿದ ಯೂಕಾ ಚೀಲ ಸಿಗುತ್ತದೆ. ನಾನು ವಾರದ ದಿನಗಳಲ್ಲಿ ಅದನ್ನೇ ತರುತ್ತೇನೆ. ಬೇಯಿಸಿ, ಸಾಸಿವೆ, ಒಣಮೆಣಸು, ತೆಂಗಿನ ತುರಿ ಒಗ್ಗರಣೆ ಹಾಕಿದರೆ ಮುಗಿಯಿತು.

ಯೂಕಾ ಪಕ್ಕದಲ್ಲಿ ಕೂದಲು ಕೂದಲಾಗಿ, ಕೆಸುವಿನ ಗಡ್ಡೆಯ ಹಾಗೆ ಕಾಣುವುದು ‘ಯೌತೀಯ’, ಕ್ಯೂಬಾದವರ ಬಾಯಲ್ಲಿ ‘ಮಲಾಂಗಾ’. ಅದು ಕೆಸುವಿನ ಅಮೆರಿಕದ ಸಂಬಂಧಿ, ರುಚಿಯೂ ಹತ್ತಿರ. ‘ಬತಾತಾ’ ಅಂದರೆ ಒಳಗೆ ಬಿಳಿಯಾದ ಗೆಣಸು. ಮರಾಠಿಯಲ್ಲಿ ಬಟಾಟಾ ಅಂದರೆ ಆಲೂಗಡ್ಡೆ, ಮೂಲದಲ್ಲಿ ಆ ಪದ ಕೆರಿಬಿಯನ್ ಮೂಲನಿವಾಸಿಗಳು ಗೆಣಸಿಗೆ ಇಟ್ಟಿದ್ದು.

ಬಾಳೆಕಾಯಿಗೂ ಎರಡು ರಾಶಿ. ದೊಡ್ಡದು, ಕೋನ ಕೋನವಾಗಿರುವುದು ‘ಪ್ಲಾತಾನೊ’, ನಮ್ಮ ನೇಂದ್ರ ಬಾಳೆಗೆ ಹತ್ತಿರ. ಚಿಕ್ಕದು, ‘ಗಿನೇಯೊ’, ಹಣ್ಣಿನ ಬಾಳೆಯ ಹಸಿ ಕಾಯಿ. ಬಜ್ಜಿಗೆ, ಪಲ್ಯಕ್ಕೆ ನನಗೆ ಗಿನೇಯೊನೇ ಇಷ್ಟ. ಪ್ಲಾತಾನೊ ಸಿಪ್ಪೆ ಪೂರ್ತಿ ಕಪ್ಪಾಗಿದ್ದರೆ ಕೊಳೆತಿದೆ ಅಂತ ಬಿಡಬೇಡಿ. ಅವರಿಗೆ ಬೇಕಾಗಿರುವುದೇ ಅದು. ಹಸಿರಿದ್ದಾಗ ಹೆಚ್ಚಿ, ಕರಿದು, ಚಪ್ಪಟೆ ಒತ್ತಿ, ಮತ್ತೆ ಕರಿದರೆ ಗರಿಗರಿ ‘ತೊಸ್ತೋನೆಸ್’. ಕಪ್ಪಾದ ಮೇಲೆ ಕರಿದರೆ ಜೇನಿನಂಥ ಸಿಹಿ. ಒಂದೇ ಕಾಯಿ, ಹತ್ತು ದಿನದ ಅಂತರದಲ್ಲಿ ಎರಡು ಬೇರೆ ಅಡುಗೆ.

ಜಾಸ್ತಿ ಜನ ಎಡವುವುದು ಮೆಕ್ಕೆಜೋಳದ ಹಿಟ್ಟಿನಲ್ಲಿ. ಪಕ್ಕಪಕ್ಕದಲ್ಲಿ ನಾಲ್ಕು ಪೊಟ್ಟಣ ಇರುತ್ತವೆ, ನಾಲ್ಕರ ಮೇಲೂ ಜೋಳದ ತೆನೆಯ ಚಿತ್ರ. ‘ಮಾಸಾ ಅರೀನಾ’ ಅನ್ನುವುದು ಮೆಕ್ಸಿಕೊದವರ ತೆಳು ರೊಟ್ಟಿ ತೊರ್ತಿಯಾಗೆ. ಮಸೇಕಾ ಅನ್ನುವ ಬ್ರ್ಯಾಂಡು ಎಲ್ಲ ಕಡೆ ಸಿಗುತ್ತದೆ. ‘ಅರೀನಾ ಪಾನ್’ ಅನ್ನುವುದು ವೆನೆಜುವೆಲಾ, ಕೊಲಂಬಿಯಾದವರ ದಪ್ಪ ರೊಟ್ಟಿ ಅರೇಪಾಗೆ. 1960ರಿಂದ ಮಾರಾಟದಲ್ಲಿದೆ. ಮೂರನೆಯದು ಸುಮ್ನೆ ಬೀಸಿದ ಜೋಳದ ರವೆ. ನಾಲ್ಕನೆಯದು ‘ಮೈಸೇನಾ’, ಅಂದರೆ ನಾವು ಊರಲ್ಲಿ ಕಾರ್ನ್‌ಫ್ಲೋರ್ ಅಂತ ಗೋಬಿ ಮಂಚೂರಿಗೆ ಹಾಕುವ ಬಿಳಿ ಹಿಟ್ಟು. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಯಾಕೆ ನಡೆಯುವುದಿಲ್ಲ ಅನ್ನುವುದರಲ್ಲೇ ಇಡೀ ಕಥೆ ಇದೆ. ಮಾಸಾ ಹಿಟ್ಟಿನ ಜೋಳವನ್ನು ಬೀಸುವ ಮೊದಲು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿರುತ್ತಾರೆ. ನಾವು ಎಲೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ. ಸುಣ್ಣ ಸಿಪ್ಪೆಯನ್ನು ಸಡಿಲ ಮಾಡುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ. ಜೋಳದ ರೊಟ್ಟಿ ತಟ್ಟುವವರಿಗೆ ಗೊತ್ತು, ಗೋಧಿಯ ಹಾಗೆ ಅಂಟಿಲ್ಲದ ಹಿಟ್ಟು ಬಿರಿಯುತ್ತದೆ, ಕುದಿನೀರು ಹಾಕಿ ನಾದಿ ಒಲಿಸಿಕೊಳ್ಳಬೇಕು. ಮೆಕ್ಸಿಕೊದವರು ಆ ಕೆಲಸವನ್ನು ಸುಣ್ಣದಿಂದ ಮಾಡಿಸಿದರು. ಜೊತೆಗೆ ಇನ್ನೊಂದು ದೊಡ್ಡ ಉಪಕಾರ ಆಗುತ್ತದೆ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಬಿ ವಿಟಮಿನ್ ನಮ್ಮ ಮೈಗೆ ಹತ್ತುವುದೇ ಸುಣ್ಣದಲ್ಲಿ ಬೇಯಿಸಿದಾಗ. ಯುರೋಪಿನವರು ಮೆಕ್ಕೆಜೋಳವನ್ನು ಒಯ್ದರು, ಸುಣ್ಣದ ಪಾಠ ಬಿಟ್ಟು ಹೋದರು. ಉತ್ತರ ಇಟಲಿಯಲ್ಲೂ, ಆಮೇಲೆ 20ನೇ ಶತಮಾನದ ಮೊದಲಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ, ಜೋಳವನ್ನೇ ನಂಬಿದ ಬಡವರು ಪೆಲ್ಲಾಗ್ರ ಎಂಬ ರೋಗದಿಂದ ನರಳಿದರು. ಚರ್ಮ ಸುಲಿಯುವ, ಬುದ್ಧಿ ಕೆಡಿಸುವ, ಕೊನೆಗೆ ಕೊಲ್ಲುವ ರೋಗ. ಅನ್ನವನ್ನು ತೆಗೆದುಕೊಂಡು, ಅದನ್ನು ಬೇಯಿಸಿದ ಕೈಯನ್ನು ಕೇಳದೇ ಹೋದದ್ದಕ್ಕೆ ಅಷ್ಟು ಜನ ಬೆಲೆ ತೆತ್ತರು.

ಗುರುತಿಸುವುದು ಹೇಗೆ? ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿ ಓದಿ. ಜೋಳದ ಜೊತೆ ‘ಲೈಮ್’ ಅಥವಾ ‘ಕಾಲ್’ ಅಂತ ಇದ್ದರೆ ಅದು ತೊರ್ತಿಯಾ ಹಿಟ್ಟು. ಇಲ್ಲಿ ಲೈಮ್ ಅಂದರೆ ನಿಂಬೆ ಅಲ್ಲ, ಸುಣ್ಣ. ಅರೀನಾ ಪಾನ್‌ನಲ್ಲಿ ಅದು ಇರುವುದಿಲ್ಲ, ಆ ಜೋಳ ಮೊದಲೇ ಬೇಯಿಸಿ ಒಣಗಿಸಿದ್ದು ಅಷ್ಟೇ.

ಸಸ್ಯಾಹಾರಿಗಳು ಇನ್ನೂ ಕೆಲವು ಪದ ಕಲಿತಿರಬೇಕು. ‘ಮಂತೆಕೀಯಾ’ ಅಂದರೆ ಬೆಣ್ಣೆ. ‘ಮಂತೇಕಾ’ ಅಂದರೆ ಸಾಮಾನ್ಯವಾಗಿ ಹಂದಿಯ ಕೊಬ್ಬು. ಎರಡಕ್ಕೂ ಎರಡಕ್ಷರದ ವ್ಯತ್ಯಾಸ. ಅರ್ಜೆಂಟೀನಾದವರು ಮಾತ್ರ ಬೆಣ್ಣೆಯನ್ನೇ ಮಂತೇಕಾ ಅನ್ನುತ್ತಾರೆ. ‘ಮಂತೇಕಾ ವೆಹೆತಾಲ್’ ಅಂದರೆ ಡಾಲ್ಡಾದಂಥದ್ದು. ರುಬ್ಬಿದ ಕಾಳಿನ ಡಬ್ಬಿಗಳಲ್ಲಿ, ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸುವ ತಮಾಲೆಗಳಲ್ಲಿ, ಗೋಧಿ ತೊರ್ತಿಯಾದಲ್ಲೂ ಕೆಲವೊಮ್ಮೆ ಹಂದಿ ಕೊಬ್ಬು ಇರುತ್ತದೆ. ‘ಪೋಯೊ’ ಕೋಳಿ, ‘ರೇಸ್’ ದನ, ‘ಸೆರ್ದೊ’ ಅಥವಾ ‘ಪುಎರ್ಕೊ’ ಹಂದಿ, ‘ಕಮರೋನ್’ ಸೀಗಡಿ. ಸಾರಿನ ಪುಡಿ, ಕ್ಯೂಬ್‌ಗಳ ಮೇಲೆ ಈ ಪದಗಳನ್ನು ಹುಡುಕಿ. ಚೀಸ್‌ಗೆ ‘ಕೇಸೊ’ ಅನ್ನುತ್ತಾರೆ. ‘ಕೇಸೊ ದೆ ಫ್ರೇಯಿರ್’ ಅನ್ನುವುದು ಬಾಣಲೆಯಲ್ಲಿ ಹುರಿದರೂ ಕರಗುವುದಿಲ್ಲ, ಪನೀರ್ ಜಾಗದಲ್ಲಿ ಚೆನ್ನಾಗಿ ಹೊಂದುತ್ತದೆ, ಉಪ್ಪು ಮಾತ್ರ ಜಾಸ್ತಿ. ಪಟ್ಟಿಯಲ್ಲಿ ಬರೀ ‘ಎಂಜೈಮ್ಸ್’ ಅಂತಿದ್ದರೆ ಹಾಲು ಒಡೆಸಿದ್ದು ಪ್ರಾಣಿಮೂಲದ್ದೋ ಅಲ್ಲವೋ ಹೇಳಲಾಗದು. ಅದನ್ನು ಪಾಲಿಸುವವರು ‘ವೆಜಿಟೇಬಲ್’ ಅಥವಾ ‘ಮೈಕ್ರೋಬಿಯಲ್’ ಅಂತ ಇರುವುದನ್ನೇ ಆರಿಸಬೇಕು.

ಇನ್ನೊಂದು ಪದ ನನಗೆ ಪಾಠ ಕಲಿಸಿದೆ. ಸಾಗುವಿಗೆ ಕಾಯಿಹಾಲು ಬೇಕಿತ್ತು. ‘ಕ್ರೇಮಾ ದೆ ಕೋಕೊ’ ಡಬ್ಬಿ ತಂದು ಹಾಕಿದೆ. ಅದು ಸಕ್ಕರೆ ತುಂಬಿದ ತೆಂಗಿನ ಪಾಕ, ಪಾನೀಯಗಳಿಗೆ ಬೆರೆಸುವುದು. ನೆಂಟರು ಕೂತಿದ್ದರು, ಇಡೀ ಪಾತ್ರೆ ಹೊಸದಾಗಿ ಮಾಡಬೇಕಾಯಿತು. ಕಾಯಿಹಾಲು ಬೇಕಾದರೆ ‘ಲೇಚೆ ದೆ ಕೋಕೊ’ ಕೇಳಿ. ಹಾಗೆಯೇ ‘ತೂನಾ’ ಅಂತ ಹಣ್ಣಿನ ಸಾಲಿನಲ್ಲಿ ಕಂಡರೆ ಅದು ಪಾಪಾಸುಕಳ್ಳಿಯ ಹಣ್ಣು. ಟ್ಯೂನಾ ಮೀನಿಗೆ ಅವರು ‘ಅತೂನ್’ ಅನ್ನುತ್ತಾರೆ. ಬೆಲ್ಲ ಬೇಕೆಂದರೆ ಕೊಲಂಬಿಯಾದವರ ‘ಪನೇಲಾ’, ಮೆಕ್ಸಿಕೊದವರ ‘ಪಿಲೊನ್ಸೀಯೊ’, ವೆನೆಜುವೆಲಾದವರ ‘ಪಪೆಲೋನ್’. ಮೂರೂ ಕಬ್ಬಿನ ಅಚ್ಚು ಬೆಲ್ಲವೇ. ಆದರೆ ಮೆಕ್ಸಿಕನ್ ಅಂಗಡಿಯ ಫ್ರಿಜ್ಜಿನಲ್ಲಿರುವ ಪನೇಲಾ ಒಂದು ಚೀಸ್.

ಒಣಮೆಣಸಿನಕಾಯಿ ಸಾಲಿನ ಮುಂದೆ ನಾನು ಹೊತ್ತು ಹೋಗುವುದೇ ಗೊತ್ತಾಗದೆ ನಿಲ್ಲುತ್ತೇನೆ. ಬ್ಯಾಡಗಿ ಮುಗಿದಾಗ ‘ಗ್ವಾಹೀಯೊ’ ತರುತ್ತೇನೆ. ಬಣ್ಣ ಚೆನ್ನಾಗಿ ಬಿಡುತ್ತದೆ, ಖಾರ ಕಡಿಮೆ, ಸಿಪ್ಪೆ ಸ್ವಲ್ಪ ದಪ್ಪ. ಗುಂಟೂರಿನ ಖಾರಕ್ಕೆ ‘ಆರ್ಬೋಲ್’. ‘ಚಿಪೋತ್ಲೆ’ ಹೊಗೆಯಲ್ಲಿ ಒಣಗಿಸಿದ್ದು, ಸಾರಿಗೆ ಹಾಕಬೇಡಿ. ಹಸಿ ಕಾಯಿಗಳಲ್ಲಿ ಒಂದು ಎಚ್ಚರ ಬೇಕು. ಲಾಟೀನಿನ ಹಾಗೆ ಗಿಡ್ಡಗೆ, ಮಡಿಕೆ ಮಡಿಕೆಯಾಗಿರುವ ‘ಅಹೀ ದುಲ್ಸೆ’ಯಲ್ಲಿ ಖಾರವೇ ಇಲ್ಲವೆನ್ನಬಹುದು, ಘಮ ಮಾತ್ರ. ಅದರ ತದ್ರೂಪವಾಗಿ ಕಾಣುವ ಹಾಬನೇರೊ ಮತ್ತು ಜಮೈಕಾದ ಸ್ಕಾಚ್ ಬಾನೆಟ್ ಬಾಯಿ ಸುಟ್ಟುಬಿಡುತ್ತವೆ. ಬರೀ ಕಣ್ಣಿಂದ ನಿರ್ಧರಿಸಬೇಡಿ, ಚೀಟಿ ಓದಿ, ಇಲ್ಲ ಅಂಗಡಿಯವರನ್ನು ಕೇಳಿ. ‘ಬುವೇನಾಸ್’ ಅಂತ ಒಂದು ನಮಸ್ಕಾರ ಹೇಳಿ ಕೇಳಿದರೆ ಅಡುಗೆ ಮಾಡುವ ಕ್ರಮವನ್ನೂ ಹೇಳಿ ಕಳಿಸುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಡಬ್ಬಿ. ಅದರ ಮೇಲೆ ಪ್ಯುರ್ಟೊ ರಿಕೊದವರ ಪದ ‘ಗಾಂದೂಲೆಸ್’. ಡೊಮಿನಿಕನ್ನರಿಗೆ ‘ಗ್ವಾಂದೂಲೆಸ್’, ಜಮೈಕಾದವರಿಗೆ ‘ಗುಂಗೊ’. ತೆರೆದು ನೋಡಿದರೆ ಹಸಿ ತೊಗರಿಕಾಳು. ನಮ್ಮ ತೊಗರಿಯೇ. ಕಲಬುರಗಿಯ ಹೊಲದಲ್ಲಿ ನಿಲ್ಲುವ ಅದೇ ಗಿಡ. ತೊಗರಿಯನ್ನು ಮೊದಲು ಬೇಸಾಯಕ್ಕೆ ಒಗ್ಗಿಸಿದ್ದು ಭಾರತದಲ್ಲಿ. ಅಲ್ಲಿಂದ ಆಫ್ರಿಕಕ್ಕೆ ಹೋಯಿತು. ಆಫ್ರಿಕದಿಂದ ಜನರನ್ನು ಗುಲಾಮರಾಗಿ ಹೊತ್ತೊಯ್ದ ಹಡಗುಗಳ ಕಾಲದಲ್ಲಿ ಕೆರಿಬಿಯನ್ ದ್ವೀಪಗಳಿಗೆ ತಲುಪಿತು. ಈಗ ಪ್ಯುರ್ಟೊ ರಿಕೊದಲ್ಲಿ ಕ್ರಿಸ್‌ಮಸ್ ಊಟಕ್ಕೆ ತೊಗರಿಕಾಳಿನ ಅನ್ನ ಇರಲೇಬೇಕು. ಅವರು ಬೇಳೆ ಒಡೆಯುವುದಿಲ್ಲ, ಇಡೀ ಕಾಳನ್ನೇ ಬೇಯಿಸುತ್ತಾರೆ. ಹಳೆ ಮೈಸೂರು ಕಡೆ ಚಳಿಗಾಲದಲ್ಲಿ ಹಸಿ ತೊಗರಿಕಾಯಿ ಬಿಡಿಸಿ ಮಾಡುವ ಹುಳಿಯ ರುಚಿ ನೆನಪಿರುವವರು ಫ್ರೀಜರ್‌ನ ಗಾಂದೂಲೆಸ್ ತನ್ನಿ. ಡಬ್ಬಿಯದಕ್ಕಿಂತ ಅದು ಚೆನ್ನ.

ತೊಗರಿ ಕಾಳು ಮಾತ್ರ ಹೋಯಿತು. ಆಮೇಲೆ ನಮ್ಮ ದೇಶದ ಜನರೇ ಹೋದರು. ಬ್ರಿಟಿಷರ ವಸಾಹತುಗಳಲ್ಲಿ ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. 1838ರಲ್ಲಿ ಗಯಾನಕ್ಕೆ, 1845ರಲ್ಲಿ ಟ್ರಿನಿಡಾಡ್ ಮತ್ತು ಜಮೈಕಾಕ್ಕೆ ಕರಾರಿನ ಕೂಲಿಗಳಾಗಿ ಭಾರತೀಯರನ್ನು ಹಡಗು ಹತ್ತಿಸಿದರು. ಹೆಚ್ಚಿನವರು ಕಲ್ಕತ್ತೆಯಿಂದ ಹೊರಟ ಭೋಜ್‌ಪುರಿ ಸೀಮೆಯವರು, ಸ್ವಲ್ಪ ಜನ ಮದ್ರಾಸಿನಿಂದ. 1917ರವರೆಗೆ ಇದು ನಡೆಯಿತು. ಅವರ ಮೊಮ್ಮಕ್ಕಳು, ಮರಿಮಕ್ಕಳು ನ್ಯೂಯಾರ್ಕಿಗೆ ಬಂದು ನೆಲೆಸಿದ ಜಾಗ ಕ್ವೀನ್ಸ್‌ನ ರಿಚ್ಮಂಡ್ ಹಿಲ್. ಅಲ್ಲಿಯ ಲಿಬರ್ಟಿ ಅವೆನ್ಯೂ ಅಂಗಡಿಗಳಿಗೆ ಒಮ್ಮೆಯಾದರೂ ಹೋಗಬೇಕು. ಭಾಷೆ ಇಂಗ್ಲಿಷ್, ತರಕಾರಿಯ ಹೆಸರಲ್ಲಿ ಭೋಜ್‌ಪುರಿ ಉಳಿದಿದೆ. ಜೀರಿಗೆ ‘ಗೀರಾ’. ಅವರೆಕಾಯಿ ‘ಸೇಮ್’. ನುಗ್ಗೆ ‘ಸೈಜನ್’. ಉದ್ದ ಅಲಸಂದೆಕಾಯಿ ಟ್ರಿನಿಡಾಡ್‌ನವರಿಗೆ ‘ಬೋಡಿ’, ಗಯಾನದವರಿಗೆ ‘ಬೋರಾ’. ‘ಡಾಲ್‌ಪುರಿ’ ಅಂತ ದೊಡ್ಡ ರೊಟ್ಟಿ ಸಿಗುತ್ತದೆ. ಮಾಡುವ ಕ್ರಮ ನಮ್ಮ ಹೋಳಿಗೆಯದೇ, ಹೂರಣ ಖಾರದ್ದು, ಬೇಳೆ ಬಟಾಣಿಯದ್ದು.

ಅಲ್ಲಿ ಒಂದು ಸೊಪ್ಪಿದೆ. ಉದ್ದ ಎಲೆ, ಅಂಚಿನಲ್ಲಿ ಗರಗಸದ ಹಲ್ಲು, ಕೊತ್ತಂಬರಿಗಿಂತ ಹತ್ತುಪಟ್ಟು ಘಮ. ಪ್ಯುರ್ಟೊ ರಿಕೊದವರು ‘ರೆಕಾವ್’, ಬೇರೆಯವರು ‘ಕುಲಾಂತ್ರೊ’, ಟ್ರಿನಿಡಾಡ್‌ನವರು ‘ಶಾಡೊ ಬೆನಿ’ ಅನ್ನುತ್ತಾರೆ. ಅಲ್ಲಿಯ ಭಾರತೀಯರು ಮಾತ್ರ ‘ಬಂಧನಿಯಾ’ ಅಂದರು. ಬನ್ ಧನಿಯಾ, ಕಾಡು ಕೊತ್ತಂಬರಿ. ಗೊತ್ತಿಲ್ಲದ ನೆಲದಲ್ಲಿ, ಗೊತ್ತಿಲ್ಲದ ಗಿಡವನ್ನು ಮೂಸಿ ನೋಡಿ, ತಮ್ಮ ಹಿತ್ತಿಲಿನ ಹೆಸರನ್ನೇ ಅದಕ್ಕೆ ಕೊಟ್ಟವರು ಅವರು. ನಮ್ಮವರು ಸೀಮೆಬದನೆ ಅಂದ ಹಾಗೆಯೇ, ಅಲ್ವಾ?

‘ಕ್ಯಾಲಲೂ’ ಕೇಳುವಾಗ ಯಾವ ದ್ವೀಪದವರ ಅಂಗಡಿ ಅಂತ ನೋಡಿ. ಜಮೈಕಾದಲ್ಲಿ ಅದು ಹರಿವೆ ಸೊಪ್ಪು, ಡಬ್ಬಿಯಲ್ಲೂ ಸಿಗುತ್ತದೆ. ಟ್ರಿನಿಡಾಡ್‌ನಲ್ಲಿ ಅದೇ ಹೆಸರಿನ ಅಡುಗೆ ಕೆಸುವಿನ ಎಲೆಯದು. ಆ ಎಲೆಗೆ ‘ಡಶೀನ್’ ಸೊಪ್ಪು ಅನ್ನುತ್ತಾರೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಪತ್ರೊಡೆಗೆ ಆಗುತ್ತದೆ. ‘ಬ್ರೆಡ್‌ಫ್ರೂಟ್’ ಕಂಡರೆ ಕರಾವಳಿಯವರು ಬಿಡಬಾರದು, ಅದು ಜೀಗುಜ್ಜೆ. 1793ರಲ್ಲಿ ಕ್ಯಾಪ್ಟನ್ ವಿಲಿಯಂ ಬ್ಲೈ ಟಹೀಟಿಯಿಂದ ಸಸಿಗಳನ್ನು ಸೇಂಟ್ ವಿನ್ಸೆಂಟ್‌ಗೆ, ಜಮೈಕಾಕ್ಕೆ ತಂದ. ಗುಲಾಮರ ಹೊಟ್ಟೆ ಅಗ್ಗದಲ್ಲಿ ತುಂಬಿಸಲು ತೋಟದ ಒಡೆಯರಿಗೆ ಅದು ಬೇಕಾಗಿತ್ತು. ‘ಆಕೀ’ ಮಾತ್ರ ಡಬ್ಬಿಯದೇ ಕೊಳ್ಳಿ. ಅದು ಜಮೈಕಾದ ರಾಷ್ಟ್ರೀಯ ಹಣ್ಣು, ಆದರೆ ಸರಿಯಾಗಿ ಮಾಗದಿದ್ದರೆ ವಿಷ. ಅಮೆರಿಕ ಸರ್ಕಾರ ತಾಜಾ ಆಕೀಯನ್ನು ಒಳಗೆ ಬಿಡುವುದಿಲ್ಲ.

ಡಿಸೆಂಬರ್‌ನಲ್ಲಿ ಈ ಅಂಗಡಿಗಳಲ್ಲಿ ಕಡುಗೆಂಪು ಒಣ ಹೂವಿನಂಥದ್ದು ಪೊಟ್ಟಣ ಪೊಟ್ಟಣ ಬಂದು ಬೀಳುತ್ತದೆ. ಜಮೈಕಾದವರು ‘ಸೋರೆಲ್’ ಅನ್ನುತ್ತಾರೆ. ಮೆಕ್ಸಿಕೊದವರ ಅಂಗಡಿಯಲ್ಲಿ ಅದೇ ವಸ್ತು ವರ್ಷವಿಡೀ ‘ಹಮಾಯ್ಕಾ’ ಅನ್ನುವ ಹೆಸರಲ್ಲಿ ಸಿಗುತ್ತದೆ. ಬಾಯಿಗೆ ಹಾಕಿಕೊಂಡರೆ ಉತ್ತರ ಕರ್ನಾಟಕದವರಿಗೆ ತಕ್ಷಣ ಗೊತ್ತಾಗುತ್ತದೆ, ಇದು ಪುಂಡಿಯ ಹುಳಿ. ಪುಂಡಿ ಜಾತಿಯ ಗಿಡದ ಹೂವಿನ ತೊಟ್ಟಿನ ದಳಗಳು ಅವು. ಎರಡು ಹಿಡಿ ದಳ, ಜಜ್ಜಿದ ಶುಂಠಿ, ಎರಡು ಲವಂಗ ಹಾಕಿ ಕುದಿಸಿ, ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಸೋಸಿ, ಬೆಲ್ಲವೋ ಸಕ್ಕರೆಯೋ ಬೆರೆಸಿ ಕುಡಿಯಿರಿ. ಸೋಸಿ ಉಳಿದ ದಳವನ್ನು ಎಸೆಯಬೇಡಿ. ಶುಂಠಿ, ಲವಂಗ ಆರಿಸಿ ತೆಗೆದು, ಹುರಿದ ಒಣಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ರುಬ್ಬಿ, ಮೇಲೆ ಒಗ್ಗರಣೆ ಕೊಡಿ. ನಮ್ಮ ಮನೆಯಲ್ಲಿ ಅದನ್ನು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತೇವೆ.